ಎರಡೇ ದಿನದ ಮಾವನೂ ಟ್ಯೂಬ್‌ಲೈಟ್ ಭಾವನೂ

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಒಳ್ಳೆಯ ಮನುಷ್ಯ. ಈ ಮಾತನ್ನು ಮೊದಲೇ ಹೇಳಿಬಿಡುವುದು ವಾಸಿ. ಮುಂದೆ ಹೇಳಲು ಸಂದರ್ಭ ಸಿಗುತ್ತದೋ ಇಲ್ಲವೋ. ಬೀದಿಯವರು ಅವರಿಗೆ ಟ್ಯೂಬ್‌ಲೈಟ್ ಎಂದು ಹೆಸರಿಟ್ಟಿದ್ದಾರೆ. ಸ್ವಿಚ್ ಒತ್ತಿದ ಮೇಲೆ ಎರಡು ಸಲ ಮಿಣುಕಿ, ಒಂದು ಸಲ ಗುಂಯ್‌ಗುಟ್ಟಿ, ಒತ್ತಿದವನು ಬೇಸತ್ತು ಮೇಣದಬತ್ತಿ ಹುಡುಕಲು ಹೋದಾಗ ಹತ್ತಿಕೊಳ್ಳುವ ಹಳೇ ಟ್ಯೂಬ್‌ಲೈಟನ್ನು ನೋಡಿದವರಿಗೆ ಹೆಚ್ಚಿನ ವಿವರಣೆ ಬೇಕಿಲ್ಲ. ಅವರ ಮದುವೆಯ ಫೋಟೋಗಳಲ್ಲಿ ಎಲ್ಲರೂ ನಗುವಾಗ ಭಾವ ಗಂಭೀರ. ಅಕ್ಕನನ್ನು ಕಳಿಸಿಕೊಡುತ್ತ ನಮ್ಮಮ್ಮ ಕಣ್ಣೊರೆಸಿಕೊಳ್ಳುವ ಫೋಟೋದಲ್ಲಿ ಮಾತ್ರ ಭಾವ ಮೂವತ್ತೆರಡೂ ಹಲ್ಲು ಬಿಟ್ಟುಕೊಂಡು ನಿಂತಿದ್ದಾರೆ. "ಫೋಟೋಗ್ರಾಫರ್ ನಗಿ ಅಂದಿದ್ದ" ಎಂಬುದು ಅವರ ಸಮಜಾಯಿಷಿ. ಅಂದಿದ್ದ, ನಿಜ. ಅರ್ಧ ಗಂಟೆ ಮುಂಚೆ.

ಭಾವನಿಗೆ ಚಪ್ಪಲಿ ಅಂಗಡಿಯಲ್ಲಿ ಕೆಲಸ. ಗಿರಾಕಿಯ ಮುಂದೆ ಕುಳ್ಳ ಸ್ಟೂಲಿನ ಮೇಲೆ ಕೂತು, ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಶೂ ಹಾಕಿ, ಹೆಬ್ಬೆರಳ ಜಾಗವನ್ನು ಒತ್ತಿ ನೋಡಿ, ಸರಿಹೋಗದಿದ್ದರೆ ಏಣಿ ಹತ್ತಿ ಇನ್ನೊಂದು ಡಬ್ಬ ಇಳಿಸುವುದು. ಮಾಲೀಕರು ಮಧ್ಯಾಹ್ನ ಹೇಳಿದ ಜೋಕಿಗೆ ಭಾವ ಸಂಜೆ ಶಟರ್ ಎಳೆಯುವಾಗ ನಕ್ಕು, ಅದು ತಮ್ಮ ಬೋಳುತಲೆಗೇ ನಕ್ಕಿದ್ದೆಂದು ಮಾಲೀಕರು ವಾರವಿಡೀ ಮಾತು ಬಿಟ್ಟಿದ್ದೂ ಇದೆ.

ಇನ್ನು ನಾನು. ನಾನು ಅಕ್ಕನ ಮನೆಯಲ್ಲೇ ಇರುವವನು. ಕೆಲಸ ಸಿಗುವ ತನಕ ಎಂದು ಬಂದೆ. ಕೆಲಸ ಸಿಕ್ಕಿತು, ನಾನು ಹೋಗಲಿಲ್ಲ. ಹೀಗಾಗಿ ಟಿವಿಯಲ್ಲಿ 'ಎರಡೇ ದಿನ' ಎಂಬ ಧಾರಾವಾಹಿ ಬರುತ್ತಿದ್ದ ಕಾಲದಲ್ಲಿ ಅಕ್ಕ ಪರದೆಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿಕೊಂಡು ನಗುತ್ತಿದ್ದಳು.

ಆ ಧಾರಾವಾಹಿಯನ್ನು ನೋಡದವರು ಯಾರಿದ್ದಾರೆ? ಮಗಳ ಮನೆಗೆ ಎರಡೇ ದಿನ ಇದ್ದು ಹೋಗುತ್ತೇನೆಂದು ಪೆಟ್ಟಿಗೆ ಹಿಡಿದು ಬಂದ ಮಾವ, ಹನ್ನೊಂದು ವರ್ಷ ಅಲ್ಲೇ ಠಿಕಾಣಿ ಹೂಡಿದ ಕಥೆ ಅದು. ಪ್ರತಿ ಕಂತಿನಲ್ಲೂ ಅಳಿಯ ಅವರನ್ನು ಓಡಿಸಲು ಒಂದು ಉಪಾಯ ಹೂಡುತ್ತಾನೆ, ಮಾವ ಒಂದು ಮಾತು ಹೇಳುತ್ತಾರೆ, ಆಮೇಲೆ ಸುಮ್ಮನಾಗುತ್ತಾರೆ. ನಂತರ ನಿಧಾನವಾಗಿ ಕತ್ತು ಎಡಕ್ಕೆ ತಿರುಗಿಸಿ, ಒಂದು ಹುಬ್ಬು ಮೇಲೆತ್ತಿ, ಎಲ್ಲೋ ದೂರದಲ್ಲಿ ನಿಂತ ಯಾರನ್ನೋ ನೋಡುವ ಹಾಗೆ ನೋಡುತ್ತಾರೆ. ಅಷ್ಟೇ. ಊರಿಗೆ ಊರೇ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಕ್ಷೌರದಂಗಡಿಯವನು ಕತ್ತರಿ ನಿಲ್ಲಿಸಿ ಹಾಗೆ ನೋಡುತ್ತಿದ್ದ, ಬ್ಯಾಂಕಿನ ಕ್ಯಾಷಿಯರ್ ಹರಿದ ನೋಟು ಕಂಡರೆ ಹಾಗೆ ನೋಡುತ್ತಿದ್ದಳು. ಅದಕ್ಕೆ 'ಮಾವನ ನೋಟ' ಎಂದೇ ಹೆಸರಾಗಿತ್ತು.

ನಗದೇ ಇದ್ದವರು ನಮ್ಮ ಭಾವ ಒಬ್ಬರೇ. ಧಾರಾವಾಹಿಯ ಹಾಡು ಶುರುವಾದರೆ ಸಾಕು, ಎದ್ದು ಅಡುಗೆಮನೆ ಬಾಗಿಲ ಹಿಂದೆ ಹೋಗಿ ನಿಲ್ಲುತ್ತಿದ್ದರು. ಕಾರಣವನ್ನು ಅಕ್ಕ ಎಷ್ಟೋ ಸಲ ತಲೆ ಚಚ್ಚಿಕೊಂಡು ಹೇಳಿದ್ದಾಳೆ.

ಮೊದಲ ಕಂತಿನ ಚಿತ್ರೀಕರಣಕ್ಕೆ ಜನ ಬೇಕೆಂದು ಸ್ಟುಡಿಯೋದವರು ಕರೆದಾಗ, ಹೊಸದಾಗಿ ಮದುವೆಯಾಗಿದ್ದ ಅಕ್ಕ ಭಾವ ಹೋಗಿದ್ದರಂತೆ. ಎದುರಿಗೆ ಮನೆಯ ಸೆಟ್ಟು, ಈಚೆ ಕತ್ತಲಲ್ಲಿ ಸಾಲು ಕುರ್ಚಿ, ಮಧ್ಯೆ ಒಂದು ದೀಪದ ಪೆಟ್ಟಿಗೆ. ಪೆಟ್ಟಿಗೆಯಲ್ಲಿ 'ನಗಿ' ಎಂದು ಹತ್ತಿದರೆ ಎಲ್ಲರೂ ನಗಬೇಕು, ಆರಿದರೆ ನಿಲ್ಲಿಸಬೇಕು. ಅಳಿಯನ ಪಾತ್ರದವನು "ಎಷ್ಟು ದಿನ ಇರ್ತೀರಿ ಮಾವ?" ಎಂದು ಕೇಳಿದ. ಆಗಿನ್ನೂ ಯಾರಿಗೂ ಗೊತ್ತಿಲ್ಲದ ಆ ನಟ ಹೇಳಿದರು: "ಎರಡೇ ದಿನ ಅಳಿಯಂದ್ರೇ. ನಿನ್ನೆ ಒಂದಿನ, ನಾಳೆ ಒಂದಿನ. ಇವತ್ತು ಲೆಕ್ಕಕ್ಕಿಲ್ಲ."

ದೀಪ ಹತ್ತಿತು, ಎಲ್ಲರೂ ನಕ್ಕರು. ದೀಪ ಆರಿತು, ಎಲ್ಲರೂ ನಿಲ್ಲಿಸಿದರು. ಸೆಟ್ಟಿನಲ್ಲಿ ಮುಂದಿನ ಮಾತಿಗೆ ಬಾಯಿ ತೆರೆಯುವಷ್ಟರಲ್ಲಿ ಮೂರನೇ ಸಾಲಿನ ಕಂಬದ ಪಕ್ಕದಿಂದ ಮೊದಲು "ಹ್ಞಾ!" ಎಂಬ ಸದ್ದು, ಅದರ ಹಿಂದೆಯೇ ತುಂಬಾ ದಿನ ನಿಂತಿದ್ದ ಪಂಪ್‌ಸೆಟ್ಟು ಚಾಲೂ ಆದಂಥ ನಗು. ನಮ್ಮ ಭಾವನಿಗೆ ಅರ್ಥವಾಗಿತ್ತು. ನಟರು ಮಾತು ನಿಲ್ಲಿಸಿದರು. ನಿಧಾನವಾಗಿ ಕತ್ತು ಎಡಕ್ಕೆ ತಿರುಗಿಸಿ, ಒಂದು ಹುಬ್ಬು ಎತ್ತಿ, ಕತ್ತಲಲ್ಲಿ ಕಂಬದ ಕಡೆ ನೋಡಿದರು. ಈ ಸಲ ದೀಪ ಹತ್ತದೆಯೇ ಇಡೀ ಸಭಾಂಗಣ ಕುರ್ಚಿಯಿಂದ ಬೀಳುವಷ್ಟು ನಕ್ಕಿತು. ಕಿವಿಗೆ ಯಂತ್ರ ಸಿಕ್ಕಿಸಿಕೊಂಡಿದ್ದವನೊಬ್ಬ ಓಡಿ ಬಂದು, "ಸ್ವಾಮೀ, ನಗೋದಾದ್ರೆ ಎಲ್ಲರ ಜೊತೆ ನಗಿ, ಇಲ್ಲಾಂದ್ರೆ ಎದ್ದು ಹೋಗಿ" ಎಂದ. ಅಕ್ಕ ನಾಚಿಕೆಯಿಂದ ಭಾವನ ಕೈ ಹಿಡಿದು ಎಳೆದುಕೊಂಡು ಬಂದಳು.

ನಟರು ಅಷ್ಟು ಜನರ ಮುಂದೆ ತಮ್ಮನ್ನು ಗದರಿಸಿ ನೋಡಿದರು ಎಂದೇ ಭಾವ ತಿಳಿದುಕೊಂಡರು. ಆಮೇಲೆ ವಾರವಾರವೂ ಅದೇ ನೋಟ ಟಿವಿಯಲ್ಲಿ ಬರತೊಡಗಿತು. "ಇನ್ನೂ ಕೋಪ ಹೋಗಿಲ್ಲ ನೋಡು" ಎನ್ನುತ್ತ ಭಾವ ಬಾಗಿಲ ಹಿಂದೆ ಸರಿಯುತ್ತಿದ್ದರು. ಒಂದು ದಿನ ಹೋಗಿ ಕ್ಷಮೆ ಕೇಳಬೇಕು ಎಂಬುದು ಅವರ ಬಾಳಿನ ಒಂದೇ ಹಂಬಲ. ಏನು ಹೇಳಬೇಕೆಂಬುದು ಮಾತ್ರ ಇನ್ನೂ ಹೊಳೆದಿರಲಿಲ್ಲ. ಒಮ್ಮೆ ಆ ನಟರೇ ಶೂ ಕೊಳ್ಳಲು ಅಂಗಡಿಗೆ ಬಂದಾಗ ಭಾವ ಏಣಿ ಹತ್ತಿ ಮೇಲಿನ ಡಬ್ಬಗಳ ನಡುವೆ ಮುಖ ಹುದುಗಿಸಿಕೊಂಡವರು, ಅವರು ಹೋಗುವ ತನಕ ಕೆಳಗಿಳಿಯಲಿಲ್ಲ. "ಮಾತು ಜೋಡಿಸ್ತಾ ಇದ್ದೆ" ಎಂದರು ಆಮೇಲೆ.

ಹೀಗೆ ಮಾತು ಜೋಡಿಸುತ್ತಿರುವಾಗಲೇ ಮಾವ, ಅಂದರೆ ಆ ನಟರು, ತೀರಿಕೊಂಡರು.

ಸುದ್ದಿ ಬಂದಾಗ ಭಾವ ಗಡ್ಡ ಹೆರೆದುಕೊಳ್ಳುತ್ತಿದ್ದರು. "ರೀ, ಎರಡು ದಿನದ ಮಾವ ಹೋಗ್ಬಿಟ್ರಂತೆ!" ಎಂದು ಅಕ್ಕ ಒಳಗಿನಿಂದ ಕೂಗಿದಳು. ಭಾವ "ಹೌದಾ" ಎಂದರು, ಇನ್ನೊಂದು ಕೆನ್ನೆ ಹೆರೆದುಕೊಂಡರು, ಟವೆಲ್ ಕೇಳಿದರು, ಬುತ್ತಿ ತೆಗೆದುಕೊಂಡು ಅಂಗಡಿಗೆ ಹೋದರು. ನನಗೆ ಬೇಸರವಾಯಿತು. ನಾನೇ ಕಣ್ಣೊರೆಸಿಕೊಂಡಿದ್ದೆ.

ಅಂಗಡಿಯ ಎದುರಿಗೇ ಟಿವಿ ಮಾರುವ ಮಳಿಗೆ. ಗಾಜಿನ ಹಿಂದಿನ ಅಷ್ಟೂ ಟಿವಿಗಳಲ್ಲಿ ಅಂದು ಮಾವ ಒಟ್ಟಿಗೆ ಕತ್ತು ತಿರುಗಿಸಿ ಚಪ್ಪಲಿ ಅಂಗಡಿಯ ಕಡೆಗೇ ನೋಡುತ್ತಿದ್ದರು. ರಸ್ತೆಯಲ್ಲಿ ಜನ ಸೇರಿತ್ತು. ಭಾವ ಸ್ಟೂಲಿನ ಮೇಲೆ ಒಂಟಿ ಶೂ ಹಿಡಿದು ಬೆವರುತ್ತಿದ್ದರು. ಕೊನೆಗೆ ತಡೆಯಲಾರದೆ, "ಯಜಮಾನ್ರೇ, ಆ ನೋಟ ಇದೆಯಲ್ಲ, ಅದಕ್ಕೆಲ್ಲ ನಾನೇ ಕಾರಣ. ನಾನು ಅವತ್ತು ಹಾಗೆ ಮಾಡದೇ ಇದ್ದಿದ್ರೆ ಅವರು ಹೀಗೆ ನೋಡ್ತಾನೇ ಇರ್ಲಿಲ್ಲ" ಎಂದುಬಿಟ್ಟರು.

ತಪ್ಪೊಪ್ಪಿಗೆ ಎಂದರೆ ಇದೇ. ಆದರೆ ಲೋಕದಲ್ಲಿ ತಪ್ಪೊಪ್ಪಿಕೊಳ್ಳುವವರ ಸಂಖ್ಯೆ ಕಡಿಮೆ, ಕೊಚ್ಚಿಕೊಳ್ಳುವವರ ಸಂಖ್ಯೆ ಹೆಚ್ಚು. ಹಾಗಾಗಿ ಮಾಲೀಕರು ಇದನ್ನು ಎರಡನೆಯ ಪಟ್ಟಿಗೆ ಸೇರಿಸಿದರು.

"ಅಂದ್ರೆ ಆ ನೋಟ ಅವರಿಗೆ ಹೇಳಿಕೊಟ್ಟಿದ್ದು ನೀನು?"

ಭಾವ ಯೋಚಿಸುತ್ತಿದ್ದರು. ಮೌನವನ್ನು ವಿನಯವೆಂದು ತಿಳಿದ ಮಾಲೀಕರು ಎದ್ದು ನಿಂತರು. "ಇಷ್ಟು ವರ್ಷ ಬಾಯೇ ಬಿಟ್ಟಿಲ್ವಲ್ಲೋ ಮಹಾರಾಯ! ಇಷ್ಟು ದೊಡ್ಡ ಮನುಷ್ಯನ ಕೈಲಿ ನಾನು ಡಬ್ಬ ಒರೆಸಿಸ್ತಾ ಇದ್ದೀನಲ್ಲ!" ಎಂದು ಆ ದಿನದ ಮಟ್ಟಿಗೆ ಡಬ್ಬಗಳನ್ನು ತಾವೇ ಒರೆಸಿದರು. ಒರೆಸುತ್ತ ಪ್ರತಿ ಗಿರಾಕಿಗೂ ಹೇಳಿದರು. ಮಧ್ಯಾಹ್ನಕ್ಕೆ ಭಾವ ಮಾವನ ಗುರುವಾಗಿದ್ದರು, ಸಂಜೆಗೆ ಜೀವದ ಗೆಳೆಯರಾಗಿದ್ದರು, ಸುದ್ದಿ ನಮ್ಮ ಬೀದಿಯ ಮೂಲೆ ತಿರುಗುವ ಹೊತ್ತಿಗೆ ಹತ್ತಿರದ ಸಂಬಂಧಿಯೇ ಆಗಿದ್ದರು.

ಅಕ್ಕ ಬಾಗಿಲು ತೆರೆದಾಗ ಪಕ್ಕದ ಮನೆಯಾಕೆ ಅವಳನ್ನು ಬಾಚಿ ತಬ್ಬಿಕೊಂಡು ಗೊಳೋ ಎಂದು ಅತ್ತಳು. ಯಾರು ಸತ್ತರೆಂದು ತಿಳಿಯದೆ ಅಕ್ಕನೂ ಗಾಬರಿಯಿಂದ ಅತ್ತಳು. ಮೇಲಿನ ಮನೆಯ ನಿವೃತ್ತ ಮೇಷ್ಟ್ರು ಇಳಿದು ಬಂದು, "ಹುಟ್ಟಿದವರು ಹೋಗಲೇಬೇಕಮ್ಮ" ಎಂದು ಶುರುಮಾಡಿ, ಒಂದು ತರಗತಿಯ ಅವಧಿ ಪೂರ್ತಿ ಮುಗಿಸಿದರು. ಇಷ್ಟರಲ್ಲಿ ದೊಡ್ಡಮ್ಮ ಕೈಚೀಲ ಸಮೇತ ಬಂದಿಳಿದು ಜಗಳಕ್ಕೇ ನಿಂತಳು. "ಇಂಥಾ ದೊಡ್ಡ ಸಂಬಂಧ ಇಟ್ಕೊಂಡು ನಮಗೊಂದು ಮಾತು ಹೇಳ್ಲಿಲ್ಲ! ನನ್ನ ಮೊಮ್ಮಗನಿಗೆ ಟಿವೀಲಿ ಒಂದು ಪಾತ್ರ ಕೊಡಿಸ್ಬಹುದಿತ್ತಲ್ಲ. ಈಗ ಸತ್ತ ಮೇಲೆ ಹೇಳ್ತೀರಾ?"

ಅಕ್ಕ ಮೊದಲು, "ಅಯ್ಯೋ, ಹಾಗೇನಿಲ್ಲ, ಇವರು ಒಂದ್ಸಲ ನಕ್ಕಿದ್ದಷ್ಟೇ" ಎಂದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಪಕ್ಕದ ಮನೆಯಾಕೆ ಮೂರು ಅಂತಸ್ತಿನ ಬುತ್ತಿ ಡಬ್ಬಿಯಲ್ಲಿ ಊಟ ತಂದಿಟ್ಟಳು, ಎರಡು ವರ್ಷದಿಂದ ಮಾತು ಬಿಟ್ಟಿದ್ದ ಎದುರು ಮನೆಯಾಕೆಯೂ ತಂದಿಟ್ಟಳು. ರಾತ್ರಿಯ ಅಡುಗೆ ಉಳಿಯಿತೆಂದ ಮೇಲೆ ಅಕ್ಕನ ಧಾಟಿ ಬದಲಾಯಿತು. "ನಮ್ಮವರಿಗೆ ತುಂಬಾ ಬೇಕಾದವರು. ಇವರು ಹೇಳ್ಕೊಳ್ಳಲ್ಲ, ಅಷ್ಟೇ" ಎಂದು ಸೆರಗಿನಿಂದ ಮೂಗು ಒರೆಸಿಕೊಂಡಳು. ನಾನು ಎದುರು ಮನೆಯ ಬುತ್ತಿ ಬಿಚ್ಚಿದೆ. ಸತ್ಯಕ್ಕೆ ಕಾಯಲು ಸಮಯವಿದೆ, ಅನ್ನಕ್ಕಿಲ್ಲ.

ಭಾವ ಒಂದು ಮೂಲೆಯಲ್ಲಿ ಕೈಕಟ್ಟಿ ಕೂತಿದ್ದರು. ಬಂದವರೆಲ್ಲ ತಮ್ಮ ತಪ್ಪನ್ನು ತಿಳಿದು, ಆದರೂ ಪಾಪ ಎಂದು ಸಮಾಧಾನ ಹೇಳುತ್ತಿದ್ದಾರೆಂದು ಅವರ ನಂಬಿಕೆ. "ಎಷ್ಟು ಒಳ್ಳೆ ಜನ ನೋಡೋ, ಯಾರೂ ಬೈಲಿಲ್ಲ" ಎಂದು ನನ್ನ ಕಿವಿಯಲ್ಲಿ ಹೇಳಿದರು.

ಮರುದಿನ ಅಂಗಡಿಗೆ ಟಿವಿಯವರು ಬಂದರು. ಕರೆಸಿದವರು ಮಾಲೀಕರೇ, ಭಾವನ ತಲೆಯ ಹಿಂದೆ ಅಂಗಡಿಯ ಬೋರ್ಡು ಪೂರ್ತಿ ಕಾಣಬೇಕೆಂಬುದು ಅವರ ಒಂದೇ ಷರತ್ತು. ನಾನು ರಜೆ ಹಾಕಿ ಹೋಗಿದ್ದೆ. ಮೈಕು ಹಿಡಿದ ಹುಡುಗಿಗೆ ಅವಸರ. ಭಾವನಿಗೆ ಅವಸರವೆಂಬುದೇ ಗೊತ್ತಿಲ್ಲ. ಇವರ ಹತ್ತಿರ ಮಾತಾಡುವಾಗ ಒಂದು ಪ್ರಶ್ನೆ ಕೇಳಿ, ಹೋಗಿ ಟೀ ಕುಡಿದು ಬಂದು, ಉತ್ತರ ತೆಗೆದುಕೊಳ್ಳಬೇಕು ಎಂದು ಯಾರಾದರೂ ಅವಳಿಗೆ ಹೇಳಬೇಕಿತ್ತು. ಕ್ಯಾಮೆರಾ ಚಾಲೂ ಆದದ್ದರಿಂದ ನನಗೆ ಬಾಯಿ ಬರಲಿಲ್ಲ.

"ಸರ್, ಟೆನ್ಷನ್ ಮಾಡ್ಕೋಬೇಡಿ. ಟೀ ಆಯ್ತಾ? ದಿನಕ್ಕೆ ಎಷ್ಟು ಸಲ ಕುಡೀತೀರಿ?" ಎಂದಳು ಹುಡುಗಿ, ಸಲಿಗೆಗಾಗಿ.

ಭಾವ ಯೋಚಿಸತೊಡಗಿದರು.

"ಇರ್ಲಿ ಸರ್. ಮಾವ ಅವರನ್ನ ನೀವು ಎಷ್ಟು ಸಲ ಭೇಟಿ ಆಗಿದ್ದೀರಿ?"

"ದಿನಕ್ಕೆ ಎರಡು. ಮೂರನೇದು ಮನೆಯವಳು ಬಿಡಲ್ಲ."

ಹುಡುಗಿಯ ಕಣ್ಣು ಅರಳಿತು. "ಅಷ್ಟು ಸಲಿಗೆ! ಹಾಗಿದ್ರೆ ಜಗಳಾನೂ ಆಗಿರ್ಬೇಕಲ್ಲ ಸರ್?"

"ಒಂದೇ ಸಲ. ಅಷ್ಟಕ್ಕೇ ಹನ್ನೊಂದು ವರ್ಷ ನನ್ನ ಮೇಲೆ ಕಣ್ಣಿಟ್ಟಿದ್ರು."

"ಓಹ್! ಅಂದ ಹಾಗೆ ಸರ್, ನೀವೇನು ಕೆಲಸ ಮಾಡ್ತೀರಿ?"

"ಛೇ ಛೇ, ಅವರ ಎದುರು ನಾನು ಬಾಯೇ ಬಿಟ್ಟಿಲ್ಲ."

ಹುಡುಗಿ ಒಂದು ಕ್ಷಣ ತಬ್ಬಿಬ್ಬಾದಳು. ಆದರೆ ಕೊನೆಯ ಪ್ರಶ್ನೆಗೆ ಮುಖ ಸಪ್ಪೆ ಮಾಡಿಕೊಳ್ಳುವುದು ಅವಳ ವೃತ್ತಿಧರ್ಮ. "ಸರ್, ಧಾರಾವಾಹಿ ಮುಗಿದ ಮೇಲೆ ಮಾವ ಅವರಿಗೆ ಬೇರೆ ಪಾತ್ರಗಳು ಸಿಗ್ಲಿಲ್ಲ. ಆ ದಿನಗಳಲ್ಲಿ ಅವರು ಏನು ಮಾಡ್ತಿದ್ರು?"

ಭಾವನಿಗೆ ಅಷ್ಟರಲ್ಲಿ ಕೆಲಸದ ಪ್ರಶ್ನೆ ತಲುಪಿತ್ತು. ಉತ್ತರ ಗೊತ್ತಿದ್ದ ಸಂತೋಷದಲ್ಲಿ ಕ್ಯಾಮೆರಾವನ್ನೇ ನೋಡಿ ಹೇಳಿದರು: "ಕಂಡಕಂಡವರ ಕಾಲು ಹಿಡಿಯೋದು. ಬೆಳಗ್ಗೆಯಿಂದ ಸಂಜೆ ತನಕ ಅದೇ."

ಆ ಸಂಜೆ ಟಿವಿಯ ಕೆಳಗೆ ಕೆಂಪು ಪಟ್ಟಿಯಲ್ಲಿ ಅದೇ ಓಡಿತು: 'ಕಂಡಕಂಡವರ ಕಾಲು ಹಿಡಿಯುತ್ತಿದ್ದ ಮಾವ: ಜೀವದ ಗೆಳೆಯನ ಕಹಿ ಸತ್ಯ.' ಮೇಷ್ಟ್ರು ಮೆಟ್ಟಿಲಲ್ಲೇ ನಿಂತು, "ಸತ್ತವರ ಬಗ್ಗೆ ಹೀಗಾ ಮಾತಾಡೋದು?" ಎಂದು ವಾಪಸ್ ಹತ್ತಿದರು. ಎದುರು ಮನೆಯಾಕೆ ಬುತ್ತಿ ಡಬ್ಬಿಯನ್ನು ತೊಳೆಯುವುದಕ್ಕೂ ಬಿಡದೆ ಒಯ್ದಳು. ಆಗಲೇ ಫೋನು ಬಂತು, ಅಕ್ಕ ಎತ್ತಿದಳು. ಮಾತಾಡಿದವರು ಮಾವನ ಹೆಂಡತಿ. ತಗ್ಗಿದ ದನಿಯಲ್ಲಿ, "ಟಿವೀಲಿ ಬಂದಿದ್ರಲ್ಲ, ಅವರು ಭಾನುವಾರದ ಶ್ರದ್ಧಾಂಜಲಿ ಸಭೆಗೆ ಬರ್ಲಿ. ನಾನು ಅವರನ್ನ ನೋಡ್ಬೇಕು" ಎಂದು ಇಟ್ಟುಬಿಟ್ಟರಂತೆ.

ಅಕ್ಕ ನೆಲಕ್ಕೆ ಕುಸಿದಳು. "ನೋಡ್ಬೇಕಂತೆ! ಅಷ್ಟು ಜನರ ಮುಂದೆ ನಿಲ್ಲಿಸಿ, ಇವನ್ಯಾರೋ ನನಗೆ ಗೊತ್ತೇ ಇಲ್ಲ ಅಂತ ಹೇಳ್ತಾರೆ. ಬೀದೀಲಿ ತಲೆ ಎತ್ತಿ ಓಡಾಡೋ ಹಾಗಿಲ್ಲ ಇನ್ನು. ಹೋಗೋದು ಬೇಡ ರೀ."

ಭಾವನ ಮುಖ ಮಾತ್ರ ಮೊದಲ ಸಲ ಹಗುರವಾಗಿತ್ತು. "ಹೋಗ್ಬೇಕು ಕಣೇ. ಅವರಿಗಂತೂ ಹೇಳೋಕಾಗ್ಲಿಲ್ಲ. ಅವರ ಮನೆಯವರ ಹತ್ರ ಆದ್ರೂ ಕ್ಷಮೆ ಕೇಳ್ತೀನಿ. ಒಂದು ಭಾರ ಇಳಿಯುತ್ತೆ."

"ಅದೊಂದು ಮಾತ್ರ ಕೇಳ್ಬೇಡಿ! ಕೇಳಿದ್ರೆ ಸುಳ್ಳು ಹೇಳಿದ್ದು ನಾವೇ ಅಂತ ಒಪ್ಪಿಕೊಂಡ ಹಾಗೆ!" ಎಂದು ಅಕ್ಕ ಕಿರುಚಿದಳು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆಯನ್ನು ನಮ್ಮ ಮನೆಯವರನ್ನು ನೋಡಿಯೇ ಮಾಡಿದ್ದಿರಬೇಕು.

ಭಾನುವಾರ ಸಭಾಂಗಣ ತುಂಬಿತ್ತು. ವೇದಿಕೆಯ ಮೇಲೆ ಹೂವಿನ ಹಾರ ಹಾಕಿದ ದೊಡ್ಡ ಫೋಟೋ. ಅದರಲ್ಲೂ ಮಾವ ಎಡಕ್ಕೇ ನೋಡುತ್ತಿದ್ದರು. ನೇರವಾಗಿ ನೋಡುವ ಫೋಟೋ ಮನೆಯಲ್ಲೂ ಸಿಗಲಿಲ್ಲವಂತೆ. ಭಾವನನ್ನು ವೇದಿಕೆಯ ಮೇಲೆ ಕೊನೆಯ ಕುರ್ಚಿಯಲ್ಲಿ ಕೂರಿಸಿದರು. ನಾನೂ ಅಕ್ಕನೂ ಬಾಗಿಲಿಗೆ ಹತ್ತಿರವಿರುವ ಕುರ್ಚಿಗಳನ್ನು ಆರಿಸಿಕೊಂಡೆವು. ಓಡಬೇಕಾದರೆ ಅನುಕೂಲವಿರಲಿ.

ಮೊದಲು ಸಂಸ್ಕೃತಿ ಇಲಾಖೆಯ ಅಧಿಕಾರಿಗಳು ಮಾತಾಡಿದರು. ಮಾವ ಎಂಥ ದೊಡ್ಡ ಕಲಾವಿದರೆಂದರೆ ಒಮ್ಮೆ ಅವರು ಈ ಅಧಿಕಾರಿಗಳನ್ನೇ ಭೇಟಿಯಾಗಿದ್ದರಂತೆ; ಆ ಭೇಟಿಯಲ್ಲಿ ಅಧಿಕಾರಿಗಳು ಏನೇನು ಹೇಳಿದರೆಂಬುದನ್ನು ವಿವರವಾಗಿ ಕೇಳಿದೆವು. ಆಮೇಲೆ ಅಳಿಯನ ಪಾತ್ರದವನು ಎದ್ದ. ಈಗ ಅವನಿಗೂ ತಲೆ ನರೆತು, ಅವನೇ ಮಾವನ ಹಾಗೆ ಕಾಣುತ್ತಿದ್ದ. "ಅವರು ಇನ್ನೂ ಎಷ್ಟೋ ಪಾತ್ರ ಮಾಡ್ಬಹುದಿತ್ತು" ಎಂದ. "ರಾಜನ ಪಾತ್ರ ಮಾಡ್ಬೇಕು ಅಂತ ಆಸೆ ಇತ್ತು. ಒಂದು ನಾಟಕದಲ್ಲಿ ಕೊಟ್ರು. ಕಿರೀಟ ಹಾಕ್ಕೊಂಡು ಬಂದು, ಮಗ ಸತ್ತ ಅಂತ ಅಳ್ಬೇಕಿತ್ತು. ಎಡಕ್ಕೆ ಸ್ವಲ್ಪ ಕತ್ತು ತಿರುಗಿಸಿದ್ರು, ಅಷ್ಟೇ, ಜನ ನಗೋಕೆ ಶುರು ಮಾಡಿದ್ರು. ಆಮೇಲೆ ಅವರು ನಾಟಕಕ್ಕೆ ಹೋಗ್ಲಿಲ್ಲ." ಇಷ್ಟು ಹೇಳಿ ಕೂತ. ಸಭೆಯಲ್ಲಿ ಒಬ್ಬಿಬ್ಬರು ನಕ್ಕರು, ನಕ್ಕದ್ದು ತಪ್ಪೆಂದು ತಿಳಿದು ಕೆಮ್ಮಿದರು.

ಆಮೇಲೆ ದೀಪ ಆರಿಸಿ, ಪರದೆಯ ಮೇಲೆ ಧಾರಾವಾಹಿಯ ಕಟ್ಟಕಡೆಯ ದೃಶ್ಯ ಹಾಕಿದರು. ಬಾಗಿಲ ಹಿಂದೆ ನಿಲ್ಲುತ್ತಿದ್ದ ಭಾವ ಅದನ್ನು ಯಾವತ್ತೂ ನೋಡಿರಲಿಲ್ಲ. ಹನ್ನೊಂದು ವರ್ಷದ ಮೇಲೆ ಮಾವ ಪೆಟ್ಟಿಗೆ ಹಿಡಿದು ಹೊಸ್ತಿಲ ಮೇಲೆ ನಿಂತಿದ್ದಾರೆ. ಅಳಿಯ ಕಣ್ಣೀರು ತುಂಬಿಕೊಂಡು, "ಮತ್ತೆ ಯಾವಾಗ ಬರ್ತೀರಿ ಮಾವ?" ಎನ್ನುತ್ತಾನೆ. ಮಾವ ಹೇಳುತ್ತಾರೆ: "ನಾನೆಲ್ಲಿ ಹೊರಟಿದ್ದೀನಿ ಅಳಿಯಂದ್ರೇ? ಈ ಪೆಟ್ಟಿಗೇನ ರೈಲು ಹತ್ತಿಸಿ ಬರ್ತೀನಿ. ಪಾಪ, ಬಂದಾಗಿಂದ ಮನೆಗೆ ಹೋಗ್ಬೇಕು ಅಂತಿದೆ."

ಸಭಾಂಗಣ ಹೋ ಎಂದು ನಕ್ಕಿತು. ಪರದೆಯ ಮೇಲೆ ಮಾವ ಸುಮ್ಮನಾದರು, ಕತ್ತು ತಿರುಗಿಸಿದರು, ಹುಬ್ಬೆತ್ತಿದರು. ಈ ಸಲ ಆ ನೋಟ ಬಹಳ ಹೊತ್ತು ಹಾಗೇ ನಿಂತಿತ್ತು. ಧಾರಾವಾಹಿ ಮುಗಿಯುವ ಕಾಲಕ್ಕೆ ಸ್ಟುಡಿಯೋದಲ್ಲಿ ಜನರೇ ಇರುತ್ತಿರಲಿಲ್ಲ. ಧ್ವನಿಮುದ್ರಿಸಿಟ್ಟ ನಗುವನ್ನು ಆಮೇಲೆ ಸೇರಿಸುತ್ತಿದ್ದರು.

ದೀಪ ಹತ್ತಿದಾಗ ಎಲ್ಲರ ಕಣ್ಣೂ ಭಾವನ ಮೇಲೆ. ಜೀವದ ಗೆಳೆಯನ ಮುಖದಲ್ಲಿ ನಗುವೂ ಇಲ್ಲ, ಅಳುವೂ ಇಲ್ಲ. ಬಸ್ಸಿಗೆ ಕಾಯುವವರ ಮುಖ. ಅಧಿಕಾರಿಗಳು, "ಈಗ ಮಾವ ಅವರ ಆಪ್ತರು ಎರಡು ಮಾತು" ಎಂದರು. ಭಾವ 'ಎರಡು ಮಾತು' ಎಂದರೆ ಎರಡೇ ಮಾತು ಎಂದು ತಿಳಿಯುವ ಮನುಷ್ಯ. ಮೈಕಿನ ಮುಂದೆ ನಿಂತು, ಮುಂದಿನ ಸಾಲಿನಲ್ಲಿದ್ದ ಮಾವನ ಹೆಂಡತಿಗೆ ಕೈಮುಗಿದು, "ತಪ್ಪಾಯ್ತು. ಕ್ಷಮಿಸಿ" ಎಂದು ಹೇಳಿ ವಾಪಸ್ ಕೂತರು.

ಗುಸುಗುಸು ಎದ್ದಿತು. ಹಿಂದಿನಿಂದ ಯಾರೋ, "ಒಪ್ಪಿಕೊಂಡ ನೋಡಿ! ಎಲ್ಲ ಬರೀ ಸುಳ್ಳು!" ಎಂದರು. ಅಕ್ಕ ಮುಖ ಮುಚ್ಚಿಕೊಂಡಳು. ಪರಿಸ್ಥಿತಿ ಕೈಮೀರಿದಾಗ ಅಧಿಕಾರಿಗಳ ಬಳಿ ಯಾವಾಗಲೂ ಒಂದು ಉಪಾಯವಿರುತ್ತದೆ. "ಅಗಲಿದ ಕಲಾವಿದರಿಗೆ ಒಂದು ನಿಮಿಷ ಮೌನ" ಎಂದರು.

ಎಲ್ಲರೂ ಎದ್ದು ತಲೆತಗ್ಗಿಸಿದರು. ಸೂಜಿ ಬಿದ್ದರೆ ಕೇಳಿಸುವಷ್ಟು ಮೌನ. ಆ ಮೌನದ ನಟ್ಟನಡುವೆ ವೇದಿಕೆಯ ಕೊನೆಯ ಕುರ್ಚಿಯ ಕಡೆಯಿಂದ, "ಹ್ಞಾ!"

ಪೆಟ್ಟಿಗೆ ರೈಲು ಹತ್ತಿ ಮನೆಗೆ ಹೊರಟದ್ದು ಭಾವನಿಗೆ ಈಗ ತಾನೇ ಕಾಣಿಸಿತ್ತು. ಬಾಯಿಗೆ ಕೈ ಅಡ್ಡ ಹಿಡಿದರು, ಕೆನ್ನೆ ಉಬ್ಬಿಸಿದರು, ಭುಜ ಕುಣಿಯಿತು. ಪಂಪ್‌ಸೆಟ್ಟು ಚಾಲೂ ಆಗಿಯೇ ಹೋಯಿತು. ಸತ್ತವರ ಫೋಟೋದ ಪಕ್ಕದಲ್ಲಿ, ತಲೆತಗ್ಗಿಸಿ ನಿಂತ ಸಾವಿರ ಜನರ ಎದುರು, ನಮ್ಮ ಭಾವ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಧಿಕಾರಿಗಳ ಮುಖ ಕೆಂಪಾಯಿತು. "ಹೊರಗೆ ಹಾಕ್ರೀ ಅವನನ್ನ!" ಎಂದು ಯಾರೋ ಕೂಗಿದರು. ಇಬ್ಬರು ಸ್ವಯಂಸೇವಕರು ವೇದಿಕೆ ಹತ್ತಿದರು.

"ಬಿಡಿ ಅವರನ್ನ."

ಮಾವನ ಹೆಂಡತಿ ಎದ್ದು ನಿಂತಿದ್ದರು. ಮೆಟ್ಟಿಲನ್ನು ಕಷ್ಟದಿಂದ ಹತ್ತಿ ಬಂದು ಭಾವನ ಎದುರು ನಿಂತರು. ಭಾವ ನಗುವನ್ನು ನುಂಗಿಕೊಳ್ಳುತ್ತ, "ಅಮ್ಮಾ, ಮತ್ತೆ ತಪ್ಪು ಮಾಡ್ಬಿಟ್ಟೆ" ಎಂದರು.

"ಇದೇ ನಗು" ಎಂದರು ಆಕೆ. "ಮೂರನೇ ಸಾಲು, ಕಂಬದ ಪಕ್ಕ. ಅಲ್ವಾ? ಅವತ್ತು ಮನೆಗೆ ಬಂದವರು ಊಟಾನೂ ಮಾಡದೆ ಅದನ್ನೇ ಹೇಳಿದ್ರು, ಹೀಗೇ ನಕ್ಕೂ ತೋರಿಸಿದ್ರು. ಎಲ್ಲರೂ ದೀಪ ನೋಡಿ ನಕ್ಕರು ಕಣೇ, ಒಬ್ಬ ಮಾತ್ರ ನನ್ನ ಮಾತು ಕೇಳಿ ನಕ್ಕ ಅಂತ. ಸೆಟ್ಟಿನ ದೀಪ ಕಣ್ಣಿಗೆ ಹೊಡೆದು, ಕತ್ತಲಲ್ಲಿ ಮುಖ ಕಾಣ್ಲಿಲ್ಲ ಅವರಿಗೆ. ಮುಂದಿನ ವಾರ ನೀವು ಬಂದಿರ್ತೀರಿ ಅಂತ ಮತ್ತೆ ಆ ಕಡೆ ನೋಡಿದ್ರು. ಅದರ ಮುಂದಿನ ವಾರಾನೂ ನೋಡಿದ್ರು. ಜನ ನಕ್ಕರು, ಅದೇ ಅಭ್ಯಾಸ ಆಗ್ಹೋಯ್ತು. ಆದ್ರೆ ಅವರು ನೋಡ್ತಿದ್ದಿದ್ದು ನಿಮ್ಮನ್ನೇ."

"ಕೋಪದಿಂದ..." ಎಂದು ಭಾವ ಶುರುಮಾಡಿದರು.

"ಕೋಪ ಎಲ್ಲಿಂದ ಬಂತಪ್ಪ? ಹುಡುಕ್ತಿದ್ರು. ನೀವು ಟಿವೀಲಿ ಹೇಳಿದ್ದೂ ನಿಜಾನೇ. ಆಮೇಲೆ ಕಂಡಕಂಡವರ ಕಾಲು ಹಿಡಿದ್ರು, ಬೇರೆ ಪಾತ್ರ ಕೊಡಿ ಅಂತ. ಎಲ್ಲರೂ ಆ ನೋಟ ಒಂದ್ಸಲ ಮಾಡಿ ತೋರಿಸಿ ಅಂತಿದ್ರು, ನಗ್ತಿದ್ರು, ಕಳಿಸ್ತಿದ್ರು. ಕೊನೆಕೊನೆಗೆ, ಆ ಮನುಷ್ಯ ಒಬ್ಬ ಸಿಕ್ಕಿದ್ರೆ ನಾನು ನಿಜವಾಗ್ಲೂ ಚೆನ್ನಾಗಿ ಮಾಡ್ತಿದ್ನಾ ಅಂತ ಕೇಳ್ಬಹುದಿತ್ತು ಅಂತಿದ್ರು. ಇಷ್ಟು ವರ್ಷ ಎಲ್ಲಿದ್ರಿ ನೀವು?"

ಸಭಾಂಗಣದಲ್ಲಿ ಅರ್ಧ ಜನ ಅಳುತ್ತಿದ್ದರು. ಅಧಿಕಾರಿಗಳೂ ಕನ್ನಡಕ ತೆಗೆದಿದ್ದರು. ಎಲ್ಲರೂ ಭಾವನ ಉತ್ತರಕ್ಕೆ ಕಾದರು. ಭಾವ ಎಂದಿನಂತೆ ತಲೆ ಆಡಿಸಿ, "ಸರಿ ಅಮ್ಮ. ಬರ್ತೀನಿ" ಎಂದು ಮೆಟ್ಟಿಲಿಳಿದು, ಹೊರಗೆ ರಾಶಿ ಬಿದ್ದಿದ್ದ ಚಪ್ಪಲಿಗಳಲ್ಲಿ ತಮ್ಮದನ್ನು ಹುಡುಕತೊಡಗಿದರು. ಆಕೆ ವೇದಿಕೆಯ ಮೇಲೆ ಒಬ್ಬರೇ ನಿಂತಿದ್ದರು. ನನಗೆ ಭಾವನ ಮೇಲೆ ಕೆಂಡದಂಥ ಸಿಟ್ಟು ಬಂತು.

ಬೀದಿಯವರಿಗೆ ಮಾತ್ರ ಹಬ್ಬ. ಮೇಷ್ಟ್ರು, "ನನಗೆ ಮೊದಲಿಂದಲೂ ಗೊತ್ತಿತ್ತು" ಎಂದರು. ಎದುರು ಮನೆಯ ಬುತ್ತಿ ಮರಳಿ ಬಂತು. ದೊಡ್ಡಮ್ಮ ಮೊಮ್ಮಗನನ್ನು ಕರೆತಂದು, ಭಾವನ ಎದುರು ಕೂರಿಸಿ ಜೋಕು ಹೇಳಿಸಿ ಪರೀಕ್ಷೆ ಮಾಡಿಸಿದಳು. ಭಾವ ನಗಲಿಲ್ಲ, ಅವಳು ಮುನಿಸಿಕೊಂಡು ಊರಿಗೆ ಹೋದಳು. ಅಕ್ಕ ಒಂದು ವಾರ ತಲೆ ಎತ್ತಿಕೊಂಡು ಓಡಾಡಿದಳು. ಆಮೇಲೆ ಟಿವಿಯವರಿಗೆ ಬೇರೆ ಸಾವು ಸಿಕ್ಕಿತು, ಬೀದಿಯವರಿಗೆ ಬೇರೆ ಜಗಳ ಸಿಕ್ಕಿತು. ಅಳಬೇಕಾದವರೆಲ್ಲ ಸಮಯಕ್ಕೆ ಸರಿಯಾಗಿ ಅತ್ತು ಮುಗಿಸಿ ತಮ್ಮ ತಮ್ಮ ಕೆಲಸಕ್ಕೆ ಮರಳಿದ್ದರು.

ಅಂಥ ಒಂದು ಬೆಳಗ್ಗೆ ಮಾಲೀಕರು ನನಗೆ ಫೋನ್ ಮಾಡಿದರು. "ಬೇಗ ಬನ್ನಿ. ನಿಮ್ಮ ಭಾವ ಗಿರಾಕಿಯ ಕಾಲು ಬಿಡ್ತಾ ಇಲ್ಲ."

ಓಡಿದೆ. ಭಾವ ಸ್ಟೂಲಿನ ಮೇಲೆ ಕೂತಿದ್ದರು. ಎದುರಿಗೆ ವಯಸ್ಸಾದ ದಪ್ಪ ಗಿರಾಕಿಯೊಬ್ಬರು, ಒಂದು ಕಾಲಿಗೆ ಹೊಸ ಶೂ, ಇನ್ನೊಂದು ಕಾಲು ಭಾವನ ತೊಡೆಯ ಮೇಲೆ. ಆ ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಭಾವ ಬಿಕ್ಕಿಬಿಕ್ಕಿ ಅಳುತ್ತಿದ್ದರು. ಗಿರಾಕಿ ಬೆಪ್ಪಾಗಿ, "ನಾನೇನೂ ಬೈಲಿಲ್ಲ ಸ್ವಾಮಿ. ಬೆರಳ ಹತ್ರ ಸ್ವಲ್ಪ ಬಿಗಿ ಅಂದೆ, ಅಷ್ಟೇ" ಎಂದರು ನನ್ನ ಕಡೆ ತಿರುಗಿ.

"ಭಾವ, ಏನಾಯ್ತು?"

ನನ್ನನ್ನು ನೋಡಿ ಅವರ ಅಳು ಇನ್ನೂ ಜೋರಾಯಿತು. "ಹೋಗ್ಬಿಟ್ರಲ್ಲೋ" ಎಂದರು. "ಮಾವ ಹೋಗ್ಬಿಟ್ರು ಕಣೋ."

ಹೋಗಿ ಎಷ್ಟೋ ದಿನವಾಯಿತು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನನ್ನ ನಾಲಿಗೆ ಸಾಮಾನ್ಯವಾಗಿ ಇಂಥ ಅವಕಾಶ ಬಿಡುವುದಿಲ್ಲ. ಆ ದಿನ ಮಾತ್ರ ಬಿಟ್ಟುಕೊಟ್ಟಿತು.

"ಏನು ಹೇಳ್ಬೇಕು ಅಂತ ಈಗ ಗೊತ್ತಾಯ್ತು ಕಣೋ" ಎಂದರು ಭಾವ. "ತಪ್ಪಾಯ್ತು ಅಂತ ಹೇಳೋದೇ ಬೇಕಿರ್ಲಿಲ್ಲ. ನಿಮ್ಮ ಜೋಕು ತುಂಬಾ ಚೆನ್ನಾಗಿತ್ತು ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು. ಈಗ ಯಾರಿಗೆ ಹೇಳ್ಲಿ?"

ಮಾಲೀಕರು ಗಲ್ಲಾದ ಹಿಂದೆ ತಲೆತಗ್ಗಿಸಿ ನಿಂತಿದ್ದರು. ಗಿರಾಕಿ ಮಾತ್ರ ಕಾಲನ್ನು ಹಿಂದಕ್ಕೆ ಎಳೆದುಕೊಳ್ಳದೆ, ಭಾವ ಬಿಡುವ ತನಕ ಹಾಗೇ ಕೂತಿದ್ದರು.